ನಿಂಬೆಹಣ್ಣು ಹಿಡಿದು ಬಸ್ಸು ಹತ್ತಿದ ಲಕ್ಷ್ಮಿದೇವಿಯವರು

ಪೊಲೀಸ್ ಇಲಾಖೆಯಲ್ಲಿ ಕಳ್ಳರನ್ನು ಹಿಡಿದು ಹೆಸರು ಮಾಡಿದವರು ಬಹಳ ಮಂದಿ. ಅವರಿಗೆ ಪದಕಗಳು ಬಂದಿವೆ, ಪತ್ರಿಕೆಗಳಲ್ಲಿ ಅವರ ಭಾವಚಿತ್ರಗಳೂ ಬಂದಿವೆ. ಆದರೆ ಮನೆಯಿಂದ ಹೊರಟವರು ಮನೆಗೆ ಮರಳದೆ ಹೋದಾಗ, ಅವರು ಹತ್ತಿದ ಬಸ್ಸನ್ನು ತಾವೂ ಹತ್ತಿ, ಅವರು ನಡೆದ ದಾರಿಯನ್ನು ತಾವೂ ನಡೆದು, ಅವರು ಕುಳಿತ ಕಟ್ಟೆಯ ಮೇಲೆ ತಾವೂ ಒಂದು ಗಳಿಗೆ ಕುಳಿತು ಬರುವವರು ಎಷ್ಟು ಮಂದಿ ಸಿಗುತ್ತಾರೆ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕುಗಳ ನೀರು ಕುಡಿದು, ಸಹಾಯಕ ಸಬ್ ಇನ್‌ಸ್ಪೆಕ್ಟರ್ ಹುದ್ದೆಯಿಂದ ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಲಕ್ಷ್ಮಿದೇವಿಯವರು ಅಂಥ ಅಪರೂಪದವರಲ್ಲಿ ಒಬ್ಬರು. ಕಾಣೆಯಾದವರ ಪ್ರಕರಣವೆಂದರೆ ನಮ್ಮ ಉಪವಿಭಾಗದಲ್ಲಿ ಮೊದಲು ನೆನಪಾಗುತ್ತಿದ್ದದ್ದು ಅವರ ಹೆಸರೇ.

ಇದರಲ್ಲಿ ಒಂದು ತಮಾಷೆಯೂ ಇದೆ. ಇಷ್ಟೊಂದು ಬಸ್ಸು ಹತ್ತಿ ಇಳಿದ ಈ ಮಹಾತಾಯಿಗೆ ಬಸ್ಸೆಂದರೆ ಆಗುತ್ತಲೇ ಇರಲಿಲ್ಲ! ಊರು ದಾಟುವ ಮೊದಲೇ ಹೊಟ್ಟೆ ತೊಳಸಲು ಶುರುವಾಗುತ್ತಿತ್ತು. ಅಂಗೈಯಲ್ಲಿ ಒಂದು ನಿಂಬೆಹಣ್ಣು ಹಿಡಿದು, ಅದನ್ನು ಆಗಾಗ ಮೂಗಿಗೆ ಒತ್ತಿಕೊಳ್ಳುತ್ತಾ, ಕಿಟಕಿ ಪಕ್ಕದ ಸೀಟಿಗಾಗಿ ಕಂಡಕ್ಟರ್ ಹತ್ತಿರ ಜಗಳ ತೆಗೆದು ಅವರು ಪ್ರಯಾಣ ಮಾಡುತ್ತಿದ್ದರು. ಠಾಣೆಯ ಜೀಪು ಇದೆಯಲ್ಲ ಮೇಡಂ ಎಂದರೆ, ಜೀಪು ಕಂಡರೆ ಜನ ಬಾಯಿ ಹೊಲಿದುಕೊಳ್ಳುತ್ತಾರೆ ಎಂದು ಹೇಳಿ, ಮತ್ತೆ ನಿಂಬೆಹಣ್ಣು ಹುಡುಕಿಕೊಂಡು ಹೊರಡುತ್ತಿದ್ದರು.

ಇಪ್ಪತ್ತರ ಹರೆಯದಲ್ಲಿ ಎಚ್.ಡಿ. ಕೋಟೆಯಲ್ಲಿ ಕಾನ್‌ಸ್ಟೆಬಲ್ ಆಗಿ ಸೇವೆ ಆರಂಭಿಸಿದ ಲಕ್ಷ್ಮಿದೇವಿಯವರಿಗೆ ಈ ವಿದ್ಯೆ ಕಲಿಸಿದ್ದು ಯಾವ ತರಬೇತಿ ಶಾಲೆಯೂ ಅಲ್ಲ. ಕಾಕನಕೋಟೆಯ ಕಡೆಯ ಕಾಡಿನ ಹಾಡಿಯಿಂದ ಬಂದು ಬಸ್ ನಿಲ್ದಾಣದಲ್ಲಿ ದಾರಿ ತಪ್ಪಿ ಅಳುತ್ತಾ ಕುಳಿತಿದ್ದ ಸೋಮಮ್ಮ ಎಂಬ ಅಜ್ಜಿಯನ್ನು ಮನೆ ಮುಟ್ಟಿಸಲು ಹೋದಾಗ, ಆ ಅಜ್ಜಿ ಊರಿನ ಹೆಸರು ಹೇಳಲಾರದೆ ಮರ, ಹಳ್ಳ, ತಿರುವುಗಳನ್ನು ತೋರಿಸುತ್ತಲೇ ದಾರಿ ಹಿಡಿಸಿತಂತೆ. ಮನುಷ್ಯರು ಹೋದ ಜಾಡು ಅವರ ಕಣ್ಣಿನಿಂದ ನೋಡಿದರೆ ಮಾತ್ರ ಸಿಗುತ್ತದೆ ಎಂಬುದು ಅವತ್ತೇ ಗೊತ್ತಾಯಿತು ಎಂದು ಅವರು ಹೇಳುವುದುಂಟು. ಮುಂದೆ ಕೆ.ಆರ್. ನಗರದಲ್ಲಿದ್ದಾಗ ದೂರು ಕೊಡಲು ಬಂದ ಹೆಂಗಸರಿಗೆ ಮೊದಲು ಟೀ, ಆಮೇಲೆ ಪ್ರಶ್ನೆ ಎಂಬ ಕ್ರಮವನ್ನು ಅವರೇ ಶುರು ಮಾಡಿದರು. ಪಿರಿಯಾಪಟ್ಟಣದಲ್ಲಿ, ಹಾಲು ಕುಡಿಯುವ ಕೂಸನ್ನು ಮನೆಯಲ್ಲಿ ಬಿಟ್ಟು ಬಂದೋಬಸ್ತಿಗೆ ಬಂದಿದ್ದ ಸೌಂದರ್ಯ ಎಂಬ ಹೊಸ ಕಾನ್‌ಸ್ಟೆಬಲ್ ಗೋಡೆಯ ಮರೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡು, ಅವಳನ್ನು ಮನೆಗೆ ಅಟ್ಟಿ, ಅವಳ ಪಾಳಿಯನ್ನೂ ತಾವೇ ಬಿಸಿಲಲ್ಲಿ ನಿಂತು ಮುಗಿಸಿದರು. ಆ ಕೂಸು ಈಗ ಹೈಸ್ಕೂಲಿನಲ್ಲಿ ಓದುತ್ತಿದೆ.

ಇವೆಲ್ಲವನ್ನೂ ಹೇಳುತ್ತಾ ಹೋದರೆ ಈ ಅಭಿನಂದನಾ ಸಂಪುಟ ಸಾಲದು. ಆದ್ದರಿಂದ ನಿವೃತ್ತಿಗೆ ಮೂರು ವರ್ಷ ಮೊದಲು ಅವರು ಕೈಗೆತ್ತಿಕೊಂಡ ಒಂದು ಪ್ರಕರಣವನ್ನಷ್ಟೇ ಇಲ್ಲಿ ವಿಸ್ತಾರವಾಗಿ ನೆನೆಯುವುದು ಉಚಿತ.

ಕಟ್ಟೆಮಳಲವಾಡಿಯ ಕರಿಯಪ್ಪ ಎಂಬ ರೈತರು ಒಂದು ಬೆಳಿಗ್ಗೆ ಮನೆಯಲ್ಲಿ ಹೇಳದೆ ಹೊರಟವರು ಹಿಂದಿರುಗಲಿಲ್ಲ. ಮೂರನೆಯ ದಿನ ಕೆ.ಆರ್. ನಗರ ತಾಲ್ಲೂಕಿನ ಒಂದು ನಾಲೆಯಲ್ಲಿ ಅವರ ದೇಹ ಸಿಕ್ಕಿತು. ಮೈಮೇಲೆ ಗಾಯವಿರಲಿಲ್ಲ. ನಾಲೆಯ ಮೆಟ್ಟಿಲ ಮೇಲೆ ಚಪ್ಪಲಿಗಳು ಜೋಡಿಯಾಗಿದ್ದವು. ಪಕ್ಕದ ಹೊಂಗೆಮರದ ಕೊಂಬೆಗೆ ಒಂದು ಕೈಚೀಲ ತೂಗುಹಾಕಿತ್ತು, ಅದರೊಳಗೆ ಒಂದು ಚಿಪ್ಪು ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ. ಯಾವುದೋ ದೇವರಿಗೆ ಹೊರಟಿದ್ದರೇನೋ ಎಂದುಕೊಂಡು ಯಾರೂ ಆ ಚೀಲದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಚಪ್ಪಲಿ ಬಿಚ್ಚಿಟ್ಟು ನೀರಿಗಿಳಿದವರ ಕತೆಯನ್ನು ಊರು ಬಹಳ ಬೇಗ ಕಟ್ಟಿಬಿಡುತ್ತದೆ. ಈ ಕತೆಗಂತೂ ಕಾರಣವೂ ಸಿದ್ಧವಾಗಿತ್ತು. ಕರಿಯಪ್ಪನವರ ಒಬ್ಬಳೇ ಮಗಳು ಸ್ಪಂದನಾ ಹುಣಸೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಟ್ರ್ಯಾಕ್ಟರ್ ರಿಪೇರಿ ಮಾಡುವ ನಟರಾಜು ಎಂಬ ಹುಡುಗನನ್ನು ತಾನೇ ನೋಡಿಕೊಂಡು, ಒಂದು ತಿಂಗಳ ಹಿಂದೆ ಅಪ್ಪನೆದುರು ಬಾಯಿ ಬಿಟ್ಟಿದ್ದಳು. ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವತ್ತಿನಿಂದ ಮಾತೇ ನಿಲ್ಲಿಸಿದರು. ದೇಹ ಸಿಕ್ಕ ನಾಲೆ ಇದ್ದದ್ದು ಅದೇ ನಟರಾಜುವಿನ ಊರಿನಲ್ಲಿ. ಮಗಳಿಗೆ ಶಾಪ ಹಾಕಲೆಂದೇ ಆ ಊರಿಗೆ ಹೋಗಿ ಪ್ರಾಣ ಬಿಟ್ಟರು ಎಂದು ಜನ ಮಾತನಾಡಿಕೊಂಡರು. ಹೆತ್ತ ತಾಯಿ ಸುನಂದಮ್ಮನೇ, ನಿಮ್ಮಪ್ಪನನ್ನು ನೀನೇ ತಿಂದುಕೊಂಡೆ ಎಂದು ಹೇಳಿ ಮಗಳ ಮುಖ ನೋಡುವುದನ್ನು ಬಿಟ್ಟರು. ಸ್ಪಂದನಾ ಕೆಲಸ ಬಿಟ್ಟಳು, ಹುಡುಗನ ಸಂಬಂಧ ಕಡಿದುಕೊಂಡಳು, ಊಟವನ್ನೂ ಬಿಟ್ಟಂತೆಯೇ ಇದ್ದಳು. ಹೇಳಿಕೆ ಪಡೆಯಲು ಆ ಮನೆಗೆ ಹೋದ ಲಕ್ಷ್ಮಿದೇವಿಯವರು, ಅಡುಗೆಮನೆಯಲ್ಲಿ ತಾಯಿ, ನಡುಮನೆಯ ಮೂಲೆಯಲ್ಲಿ ಮಗಳು, ಇಬ್ಬರ ನಡುವೆ ಒಂದು ಮಾತೂ ಇಲ್ಲದ್ದನ್ನು ಕಂಡರು. ಈ ಹುಡುಗಿಯೂ ಉಳಿಯಲಿಕ್ಕಿಲ್ಲ ಎಂಬ ಭಯ ಅವರಿಗೆ ಹುಟ್ಟಿತು.

ತನಿಖೆ ನಡೆಸುತ್ತಿದ್ದ ಸಬ್ ಇನ್‌ಸ್ಪೆಕ್ಟರ್ ಮಹೇಂದ್ರ ಅವರು ಕರಿಯಪ್ಪನವರ ಮೊಬೈಲಿನ ಜಾಡು ತೆಗೆಸಿದ್ದರು. ಸಾಯುವ ಹಿಂದಿನ ತಿಂಗಳಲ್ಲಿ ಅವರು ಇದೇ ನಾಲೆಯ ಊರಿಗೆ ಒಮ್ಮೆ, ಪಿರಿಯಾಪಟ್ಟಣದ ಕಡೆಯ ಕಂಪಲಾಪುರಕ್ಕೆ ಒಮ್ಮೆ, ಕಾಕನಕೋಟೆಯ ಹತ್ತಿರದ ಅಂತರಸಂತೆಗೆ ಒಮ್ಮೆ ಹೋಗಿದ್ದರು. ಮೂರು ಕಡೆಯೂ ನೆಂಟರಿಲ್ಲ, ವ್ಯವಹಾರವಿಲ್ಲ. ಸಿಬ್ಬಂದಿ ಹೋಗಿ ಫೋಟೊ ತೋರಿಸಿದರೆ ಎಲ್ಲರೂ ಕಂಡಿಲ್ಲ ಎಂದರು. ಮನಸ್ಸು ಕೆಟ್ಟು ಊರೂರು ಅಲೆದಿದ್ದಾರೆ ಎಂದುಕೊಳ್ಳದೆ ಬೇರೆ ದಾರಿ ಇರಲಿಲ್ಲ. ಜೀವನದಲ್ಲಿ ಜಿಗುಪ್ಸೆಗೊಂಡು ನೀರಿಗೆ ಬಿದ್ದು ಮೃತಪಟ್ಟಿರುತ್ತಾರೆ ಎಂದು ಬರೆದು ಮುಗಿಸುವ ಹೊತ್ತು ಬಂದಿತ್ತು. ಆ ಒಂದು ವಾಕ್ಯ ಬರೆದರೆ ಆ ಹುಡುಗಿಯ ಕತೆ ಮುಗಿದಂತೆ ಸಾರ್, ಒಂದು ವಾರ ತಡೆಯಿರಿ ಎಂದು ಲಕ್ಷ್ಮಿದೇವಿಯವರು ಕೇಳಿಕೊಂಡರು. ಮಹೇಂದ್ರ ಅವರು ದೊಡ್ಡ ಮನಸ್ಸಿನವರು, ಒಪ್ಪಿದರು. ಸಾದಾ ಸೀರೆಯುಟ್ಟು, ನಿಂಬೆಹಣ್ಣು ಹಿಡಿದು ನಮ್ಮ ಮೇಡಂ ಬಸ್ಸು ಹತ್ತಿದರು.

ಕಂಪಲಾಪುರದಲ್ಲಿ ಇಳಿದು, ಹೊಟ್ಟೆಯ ಸಂಕಟ ತಡೆಯಲಾರದೆ ನಿಂಗಯ್ಯ ಎಂಬುವರ ಪೆಟ್ಟಿಗೆ ಅಂಗಡಿಯ ಬೆಂಚಿನ ಮೇಲೆ ಕುಳಿತರು. ಸೋಡಾ ಕುಡಿದು ಸುಧಾರಿಸಿಕೊಂಡ ಮೇಲೆ, ಕರಿಯಪ್ಪನವರ ಗುರುತು ಹೇಳಿ, ಇಂಥವರು ಯಾರಾದರೂ ಬಂದಿದ್ದರೇ, ಯಾರ ಮನೆಗೆ ಹೋದರು ಎಂದು ಮೆಲ್ಲಗೆ ಕೇಳಿದರು. ನಿಂಗಯ್ಯ ಅವರ ಸೀರೆ, ಕುಂಕುಮ ಎಲ್ಲ ನೋಡಿ, ದನಿ ತಗ್ಗಿಸಿ ಒಂದು ಮಾತು ಕೇಳಿದರು.

"ನೀವು ಎಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?"

ಲಕ್ಷ್ಮಿದೇವಿಯವರಿಗೆ ತಮ್ಮ ಮದುವೆಗೆ ಮುಂಚೆ ಸೋದರಮಾವ ಹತ್ತಿ ವ್ಯಾಪಾರಿಯ ವೇಷ ಹಾಕಿ ಗಂಡಿನ ಊರಿಗೆ ಹೋಗಿ ಬಂದದ್ದು ಒಮ್ಮೆಲೇ ನೆನಪಾಯಿತು. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹಿರಿಯರೊಬ್ಬರು ಯಾರಿಗೂ ಹೇಳದೆ ಹೊರಟು, ಏನೋ ಒಂದು ನೆವ ಹೇಳಿಕೊಂಡು, ಟೀ ಅಂಗಡಿಯಲ್ಲೋ ಕ್ಷೌರದಂಗಡಿಯಲ್ಲೋ ಕುಳಿತು, ಆ ಮನೆಯವರು ಎಂಥವರು ಎಂದು ವಿಚಾರಿಸಿಕೊಂಡು ಬರುತ್ತಾರೆ. ಮನೆಯಲ್ಲಿ ಹೇಳಿದರೆ ಆಸೆ ಬೆಳೆಯುತ್ತದೆ, ಆಮೇಲೆ ಬೇಡವೆನ್ನುವುದು ಕಷ್ಟ, ಅದಕ್ಕೇ ಹೇಳುವುದಿಲ್ಲ. ವಿಚಾರಿಸಿಕೊಂಡು ಹೋದರೆಂದು ಊರವರೂ ಬಾಯಿ ಬಿಡುವುದಿಲ್ಲ. ನಾಳೆ ಸಂಬಂಧ ಮುರಿದರೆ ಹೇಳಿದವರ ತಲೆಗೇ ಬರುತ್ತದೆ. ಖಾಕಿ ಹಾಕಿಕೊಂಡು ಹೋದವರಿಗೆ ಒಬ್ಬರೂ ಉತ್ತರ ಕೊಡದಿದ್ದದ್ದು ಈ ಕಾರಣಕ್ಕೆ.

ಹೆಣ್ಣಿನ ಕಡೆ ಎಂದು ಲಕ್ಷ್ಮಿದೇವಿಯವರು ಹೇಳಿದ್ದೇ ತಡ, ನಿಂಗಯ್ಯ ಎಲ್ಲವನ್ನೂ ಹೇಳಿಬಿಟ್ಟರು. ನಟರಾಜುವಿನ ಅಕ್ಕನನ್ನು ಕೊಟ್ಟಿದ್ದು ಕಂಪಲಾಪುರಕ್ಕೆ. ಹುಣಸೆಹಣ್ಣು ಕೊಳ್ಳಲು ಬಂದವನೆಂದು ಹೇಳಿಕೊಂಡು ಬಂದಿದ್ದ ಆ ಯಜಮಾನರು, ಹುಣಸೆಹಣ್ಣಿನ ಮಾತನ್ನು ಬೇಗ ಮರೆತು, ಆ ಹೆಣ್ಣುಮಗಳು ತವರಿನವರ ಬಗ್ಗೆ ಏನನ್ನುತ್ತಾಳೆ, ತಮ್ಮನಾದವನು ಅಕ್ಕನನ್ನು ನೋಡಲು ಬರುತ್ತಾನೋ ಇಲ್ಲವೋ ಎಂದು ತಿರುಗಿಸಿ ತಿರುಗಿಸಿ ಕೇಳಿದ್ದರಂತೆ. ಅಂತರಸಂತೆ ನಟರಾಜುವಿನ ತಾಯಿಯ ತವರು. ಮರುದಿನ ಹೋಗಿ ಕೇಳಿದಾಗ ಅಲ್ಲಿಯೂ ಹುಣಸೆಹಣ್ಣಿನ ವ್ಯಾಪಾರಿ ಬಂದು ಹೋದದ್ದು ತಿಳಿಯಿತು. ಪಾಪ, ಮಗಳ ಜೊತೆ ಮಾತು ಬಿಟ್ಟ ಅಪ್ಪ, ಮಗಳ ಮದುವೆಯ ಕೆಲಸದ ಮೇಲೆಯೇ ಮೂರು ತಾಲ್ಲೂಕು ಸುತ್ತಿದ್ದರು.

ಕೊನೆಗೆ ಉಳಿದದ್ದು ನಾಲೆಯ ಊರು. ಅಲ್ಲಿ ಬಸ್ಸಿಳಿಯುವ ಕಡೆ ಪುಟ್ಟಲಕ್ಷ್ಮಿ ಎಂಬಾಕೆಯ ಟೀ ಅಂಗಡಿ. ನಟರಾಜುವಿನ ಮನೆಯವರನ್ನು ಠಾಣೆಗೆ ಎಳೆಯುತ್ತಾರೆಂಬ ಹೆದರಿಕೆಯಿಂದ ಇದೇ ಪುಟ್ಟಲಕ್ಷ್ಮಿ ಮೊದಲು ಫೋಟೊ ನೋಡಿ ತಲೆಯಾಡಿಸಿದ್ದಳು. ಈಗ ಹೆಣ್ಣಿನ ಕಡೆಯವರೆಂದು ತಿಳಿದು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅವಳು ಹೇಳಿದ್ದನ್ನು ಕೇಳಿ ಲಕ್ಷ್ಮಿದೇವಿಯವರು ಠಾಣೆಗೆ ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ನೇರ ಕಟ್ಟೆಮಳಲವಾಡಿಗೆ ಹೋಗಿ, ತಾಯಿಯನ್ನೂ ಮಗಳನ್ನೂ ಹೊರಡಿಸಿದರು. ನಾನು ಹೇಳಿದರೆ ಸಮಾಧಾನಕ್ಕೆ ಹೇಳಿದೆ ಅನ್ನಿಸುತ್ತದೆ, ಕೇಳಿದವರ ಬಾಯಿಂದಲೇ ಕೇಳಿ ಎಂದರು. ಬಸ್ಸಿನಲ್ಲಿ ಸುನಂದಮ್ಮ ಮುಂದಿನ ಸೀಟಿನಲ್ಲಿ, ಸ್ಪಂದನಾ ಹಿಂದೆ. ನಡುವೆ ನಿಂಬೆಹಣ್ಣು ಮೂಸುತ್ತಾ ನಮ್ಮ ಮೇಡಂ ಕುಳಿತಿದ್ದರು.

ಪುಟ್ಟಲಕ್ಷ್ಮಿ ಇಬ್ಬರನ್ನೂ ಕೂರಿಸಿ, ಟೀ ಕೊಟ್ಟು, ನಿಂತೇ ಹೇಳಿದಳು. ಮೊದಲ ಸಲ ಬಂದಾಗ ಆ ಅಣ್ಣ ಬರಿಗೈಯಲ್ಲಿ ಬಂದಿದ್ದರು, ಹುಣಸೆಹಣ್ಣು ಎಂದಿದ್ದರು. ಕೊನೆಯ ದಿನ ಬಿಳಿ ಪಂಚೆ ಉಟ್ಟು, ಕ್ಷೌರ ಮಾಡಿಸಿಕೊಂಡು, ಕೈಚೀಲ ಹಿಡಿದು ಇಳಿದರು. ಏನಣ್ಣ, ಇವತ್ತು ಚೀಲ ಜೋರಾಗೇ ಅದೆ ಎಂದು ಇವಳು ಕಿಚಾಯಿಸಿದ್ದಳು.

"ಅದಕ್ಕೆ ನಗಾಡ್ಬುಟ್ರು ಕಣಕ್ಕ," ಎಂದಳು ಪುಟ್ಟಲಕ್ಷ್ಮಿ. "ಬೀಗ್ರ ಮನೆಗೆ ಬರಿಗೈಲಿ ಓಗಕಾಯ್ತದಾ ತಂಗಿ, ಅಂದ್ರು. ದೂಳು ಕಾಲಲ್ಲಿ ಎಂಗೋಗದು, ನೀರೆಲ್ಲಿ ಅದೆ ಅಂದ್ರು. ನಾನೇ ನಾಲೆ ತೋರ್ಸ್ದೆ."

ಕಾಲು ತೊಳೆಯುವವರು ಚಪ್ಪಲಿ ಬಿಚ್ಚಿಡುತ್ತಾರೆ. ವಾಪಸ್ ಬಂದು ಎತ್ತಿಕೊಳ್ಳುವವರು ಹಣ್ಣಿನ ಚೀಲವನ್ನು ದನ ಬಾಯಿ ಹಾಕದಂತೆ ಕೊಂಬೆಗೆ ತೂಗುಹಾಕುತ್ತಾರೆ. ಕೇಳುತ್ತಾ ಕೂತಿದ್ದ ಸುನಂದಮ್ಮ, ಬೀಗರ ಮನೆ ಅಂದ್ರಾ ಎಂದು ಎರಡು ಸಲ ಕೇಳಿದರು. ಆಗ ಲಕ್ಷ್ಮಿದೇವಿಯವರು ಸ್ಪಂದನಾಳ ಕೈ ಹಿಡಿದು ಹೇಳಿದ ಮಾತನ್ನು ಆಮೇಲೆ ಅವಳೇ ಹತ್ತಾರು ಜನರ ಮುಂದೆ ಹೇಳಿದ್ದಾಳೆ.

"ನಿಮ್ಮಪ್ಪ ಎಂಗೆ ಓದ್ರು ಅಂತ ನಂಗೊತ್ತಿಲ್ಲ ಕಣ್ ಮಗ, ಸುಳ್ಳೇಳಕಿಲ್ಲ. ಜಾರಿದ್ರೋ, ಎದೆ ನೋವು ಬಂತೋ, ಕಂಡೋರಿಲ್ಲ. ಎಲ್ಲಿಗ್ ಓಯ್ತಿದ್ರು ಅಂತ ಮಾತ್ರ ಗೊತ್ತು."

ಸುನಂದಮ್ಮ ಎದ್ದು ಬಂದು ಮಗಳ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಪುಟ್ಟಲಕ್ಷ್ಮಿ ಅಂಗಡಿಯ ಮುಂದಿನ ಬೆಂಚಿನಲ್ಲಿದ್ದವರನ್ನೆಲ್ಲ ಎಬ್ಬಿಸಿ ಕಳಿಸಿದಳು.

ಪ್ರಕರಣದ ಕೊನೆಯಲ್ಲಿ ಮಹೇಂದ್ರ ಅವರು ಜಿಗುಪ್ಸೆಯ ವಾಕ್ಯವನ್ನು ಬರೆಯಲಿಲ್ಲ. ಮಗಳ ಸಂಬಂಧ ಕುದುರಿಸಲು ಹೋಗುವಾಗ ನೀರಿನಲ್ಲಿ ಮೃತಪಟ್ಟಿದ್ದಾರೆ, ಸಾವಿನ ಕಾರಣ ಖಚಿತವಾಗಿಲ್ಲ ಎಂದು ಬರೆದರು. ವರ್ಷ ಕಳೆದ ಮೇಲೆ ಸ್ಪಂದನಾ ನಟರಾಜುವಿನ ಕೈ ಹಿಡಿದಳು. ಮದುವೆಗೆ ಮುಂಚೆ ಗಂಡಿನ ಮನೆ ನೋಡಲು ಹೋದಾಗ, ಗಂಡ ಅರ್ಧಕ್ಕೆ ನಿಲ್ಲಿಸಿದ ದಾರಿಯನ್ನು ಮುಗಿಸಬೇಕೆಂದು ಸುನಂದಮ್ಮ ಹಟ ಹಿಡಿದು, ಬಾಳೆಹಣ್ಣು ವೀಳ್ಯದೆಲೆಯ ಚೀಲವನ್ನು ಲಕ್ಷ್ಮಿದೇವಿಯವರ ಕೈಯಿಂದಲೇ ಹೊರಿಸಿದರು. ನಾಲೆಯ ಮೆಟ್ಟಿಲ ಹತ್ತಿರ ಬಂದಾಗ ಯಾರೂ ಕಾಲು ತೊಳೆಯಲು ಇಳಿಯಲಿಲ್ಲ. ಪುಟ್ಟಲಕ್ಷ್ಮಿ ಮೊದಲೇ ಒಂದು ತಂಬಿಗೆ ನೀರು ತಂದು ನಿಂತಿದ್ದಳು.

ಮಾನ್ಯ ಲಕ್ಷ್ಮಿದೇವಿಯವರೇ, ಇನ್ನು ನಿಮಗೆ ಪಾಳಿಯಿಲ್ಲ, ಬಂದೋಬಸ್ತಿಲ್ಲ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ಕಾಸೂ ಇಲ್ಲ. ಮನೆಯವರು ಬಾರದೆ ದಿಕ್ಕುಗೆಟ್ಟ ಜನ ಈಗಲೂ ನಿಮ್ಮ ಬಾಗಿಲಿಗೇ ಬರುತ್ತಾರೆಂದು, ನೀವು ಬೇಡವೆನ್ನುವುದಿಲ್ಲವೆಂದು ನಮಗೆ ಗೊತ್ತು. ಆಯುರಾರೋಗ್ಯ ನಿಮ್ಮದಾಗಲಿ, ಕಿಟಕಿ ಪಕ್ಕದ ಸೀಟು ಜಗಳವಿಲ್ಲದೆ ಸಿಗಲಿ, ನಾಲ್ಕು ತಾಲ್ಲೂಕಿನ ದಾರಿಗಳು ನಿಮ್ಮನ್ನು ಇನ್ನೂ ಬಹುಕಾಲ ಕಾಣುತ್ತಿರಲಿ. ಈ ಸಂಪುಟ ಕೊಡಲು ನಾವು ನಿಮ್ಮ ಮನೆಗೆ ಬರುವ ದಿನ ಸ್ಪಂದನಾಳೂ ಜೊತೆಗೆ ಬರುತ್ತಾಳಂತೆ. ಏನು ತರುತ್ತೀಯಮ್ಮ ಎಂದು ಕೇಳಿದ್ದಕ್ಕೆ, ಅಪ್ಪ ಹಿಡಿದಿದ್ದ ಚೀಲವನ್ನೇ ತೊಳೆದು ಇಟ್ಟಿದ್ದೇನೆ, ಅದರಲ್ಲಿ ಬಾಳೆಹಣ್ಣು, ವೀಳ್ಯದೆಲೆ, ಮೇಲೊಂದು ನಿಂಬೆಹಣ್ಣು ಎಂದಳು.