ತಣ್ಣೀರಿಗೆ ಇಳಿದರೆ ಮಾತಾಡುವವರು

ಬೆಳಿಗ್ಗೆ ಕಾರಿನ ಡಿಕ್ಕಿ ತೆರೆದರೆ ಉಪ್ಪು ಉಪ್ಪಾದ ವಾಸನೆ ಮೂಗಿಗೆ ಬಡಿಯಿತು. ನಿನ್ನೆ ಕಡಲಿನಿಂದ ತಂದ ಟವೆಲನ್ನು ಅಲ್ಲೇ ಮರೆತಿದ್ದೆ. ಬೇರೆಯವರಾದರೆ ಮೂಗು ಮುಚ್ಚಿಕೊಂಡಾರು. ನಮ್ಮ ಮನೆಯಲ್ಲಿ ಮಾತ್ರ ಚಳಿಗಾಲ ಬಂತೆಂದು ತಿಳಿಸುವುದು ಈ ವಾಸನೆಯೇ.

ಬಹರೈನ್‌ನಲ್ಲಿ ಎಂಥ ಚಳಿ ಎಂದು ನೀವು ನಗಬಹುದು. ಬೇಸಿಗೆಯಲ್ಲಿ ಇಲ್ಲಿ ತಾರಸಿಯ ಟ್ಯಾಂಕಿನ ನೀರು ಮೈ ಸುಡುತ್ತದೆ. ನಾವು ಗೀಸರ್ ಆರಿಸಿಟ್ಟು, ಅದರೊಳಗಿನದ್ದೇ ತಣ್ಣೀರೆಂದು ಮೀಯುವವರು. ಆಗ ಕಡಲೂ ಬೆಚ್ಚಗಿನ ಗಂಜಿ ತಿಳಿಯ ಹಾಗೆ. ಡಿಸೆಂಬರ್ ಕಳೆದು ಉತ್ತರದ ಗಾಳಿ ಬೀಸಿದ ಮೇಲೆಯೇ ಅದಕ್ಕೆ ಮೈ ಜುಮ್ಮೆನಿಸುವ ಗುಣ ಬರುವುದು.

ಉಡುಪಿಯ ಕಡಲ ಮಗ್ಗುಲಲ್ಲೇ ಹುಟ್ಟಿದರೂ ನನಗೆ ಈಜು ಬರುತ್ತಿರಲಿಲ್ಲ. ಕಡಲೆಂದರೆ ದೂರದಿಂದ ನೋಡಿ, ಚರುಮುರಿ ತಿಂದು ಬರುವ ಜಾಗ ಎಂದುಕೊಂಡಿದ್ದವಳು ನಾನು. ಮದುವೆಯಾಗಿ ಇಲ್ಲಿನ ಜಿಂಜ್ ಬಡಾವಣೆಯ ಫ್ಲ್ಯಾಟಿಗೆ ಬಂದ ಮೊದಲ ಚಳಿಗಾಲದಲ್ಲಿ ಗಂಡ ನನ್ನನ್ನು ಬುದಯ್ಯದ ಕಡಲಿಗೆ ಇಳಿಸಿದರು.

ಅವರನ್ನು ಮಿತಭಾಷಿ ಎಂದರೆ ಹೊಗಳಿದ ಹಾಗಾಗುತ್ತದೆ. ಸೀಫ್ ಪೇಟೆಯ ಆಫೀಸಿನಿಂದ ಬಂದು ಶೂ ಬಿಚ್ಚಿದರೆ ಮಲಗುವವರೆಗೆ ನಾಲ್ಕು ಮಾತು, ಅದರಲ್ಲಿ ಎರಡು ಸಾರಿನ ಉಪ್ಪಿನ ಬಗ್ಗೆ. ಇವರ ಜೊತೆ ಬಾಳುವುದು ಹೇಗೆಂದು ಬಚ್ಚಲಲ್ಲಿ ಕೂತು ಅತ್ತದ್ದೂ ಉಂಟು. ಆದರೆ ಅವರ ಬಾಯಿ ಬಿಡಿಸಿದ್ದು ಬುದಯ್ಯದ ಕಡಲು. ಅಲ್ಲಿ ಆಳವಿಲ್ಲ. ಸೊಂಟದ ಮಟ್ಟದ ನೀರು ಸಿಗಬೇಕಾದರೆ ಬಹಳ ದೂರ ನಡೆಯಬೇಕು. ಒಮ್ಮೆಗೇ ಮುಳುಗಿ ಪಾರಾಗುವಂತಿಲ್ಲ. ಚಳಿ ಪಾದದಿಂದ ಮೊಣಕಾಲಿಗೆ, ಅಲ್ಲಿಂದ ತೊಡೆಗೆ ಸಾವಕಾಶವಾಗಿ ಏರುತ್ತದೆ. ಚೂಡಿದಾರ್ ತೊಟ್ಟು, "ನಾನು ವಾಪಸ್ ಹೋಗ್ತೇನೆ, ನನ್ನಿಂದ ಆಗುದಿಲ್ಲ" ಎಂದು ಗೊಣಗುತ್ತಿದ್ದ ನನ್ನ ಕೈ ಹಿಡಿದುಕೊಂಡು, ಚಳಿ ಮರೆಸಲೆಂದು ಅವರು ಮಾತು ಶುರು ಮಾಡಿದರು.

"ಸಣ್ಣದಿರುವಾಗ ನಾನು ಕೆರೆಗೆ ಹಾರಿ ಅಪ್ಪನತ್ರ ಪೆಟ್ಟು ತಿಂದದ್ದು ಗೊತ್ತುಂಟಾ ನಿಂಗೆ?"

ಗೊತ್ತಿರಲಿಲ್ಲ. ನನಗೆ ಅವರ ಬಗ್ಗೆ ಏನೂ ಗೊತ್ತಿರಲಿಲ್ಲ. ಆಮೇಲಿನ ಎಷ್ಟೋ ಚಳಿಗಾಲಗಳಲ್ಲಿ ಅವರ ಬಾಲ್ಯ, ಮುನಿಸು, ಹೇಳದ ಆಸೆ ಎಲ್ಲ ನನಗೆ ಸಿಕ್ಕಿದ್ದು ಆ ನೀರಿನ ನಡಿಗೆಯಲ್ಲೇ. ಈಜೂ ಬಂತೆನ್ನಿ. ಮುಳುಗಿ ಎದ್ದಾಗ ಮೈಯೆಲ್ಲ ಚುರುಗುಟ್ಟಿ, ಮರುಕ್ಷಣ ಒಳಗಿನಿಂದ ಬಿಸಿ ಹೊಮ್ಮುವ ಸುಖವನ್ನು ಇಳಿದವರೇ ಬಲ್ಲರು. ಆದರೂ ನಿಜ ಹೇಳುತ್ತೇನೆ, ನಾನು ರಜೆಯ ಶುಕ್ರವಾರಕ್ಕೆ ಕಾಯುತ್ತಿದ್ದದ್ದು ಅವರ ಮಾತಿಗಾಗಿ.

ಕಳೆದ ಬೇಸಿಗೆಯಲ್ಲಿ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದರು. ತಣ್ಣೀರಿಗೆ ಇಳಿಯಲೇಬಾರದು ಎಂದರು ಡಾಕ್ಟರು. ಉಪ್ಪನ್ನೂ ಕಡಿಮೆ ಮಾಡಿಸಿದ್ದರಿಂದ ಸಾರಿನ ಬಗೆಗಿನ ಆ ಎರಡು ಮಾತೂ ನಿಂತವು. ಜೀವ ಉಳಿಯಿತಲ್ಲ, ಅಷ್ಟು ಸಾಕು ಎಂದು ಎಷ್ಟು ಸಮಾಧಾನ ಮಾಡಿಕೊಂಡರೂ, ಇನ್ನು ಇವರು ನನ್ನೊಡನೆ ಮಾತಾಡುವುದು ಎಲ್ಲಿ ಎಂಬ ಭಯ ನನ್ನನ್ನು ಬಿಡಲಿಲ್ಲ.

ನಿನ್ನೆ ಅವರೇ ನನ್ನನ್ನು ಹೊರಡಿಸಿದರು. "ನೀನು ಇಳಿ. ನಾನು ದಡದಲ್ಲಿ ಕೂತ್ಕೊಳ್ತೇನೆ."

ಒಬ್ಬಳೇ ನಡೆದೆ. ನೀರು ಇಷ್ಟು ದೂರವೆಂದು ಯಾವತ್ತೂ ಅನ್ನಿಸಿರಲಿಲ್ಲ. ಸ್ವಲ್ಪ ಈಜಿದ ಶಾಸ್ತ್ರ ಮಾಡಿ, ಹಲ್ಲು ಕಟಕಟಿಸುತ್ತ ವಾಪಸ್ ಬಂದೆ. ಅವರು ಟವೆಲ್ ಹೊದಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟು ಪಕ್ಕದಲ್ಲಿ ಕುಳಿತರು.

"ಆಸ್ಪತ್ರೆಯಲ್ಲಿ ಒಳಗೆ ಕರ್ಕೊಂಡು ಹೋಗುವಾಗ ತುಂಬಾ ಹೆದರಿಕೆ ಆಗಿತ್ತು ಮಾರಾಯ್ತಿ. ನಿಂಗೆ ಹೇಳ್ಲಿಲ್ಲ."

ಅಷ್ಟಕ್ಕೇ ನಿಲ್ಲಿಸಲಿಲ್ಲ, ಹೇಳುತ್ತಾ ಹೋದರು. ಒಣ ಬಟ್ಟೆ ಕಾರಿನಲ್ಲಿತ್ತು. ನಾನು ಎದ್ದರೆ ಎಲ್ಲಿ ಮಾತು ನಿಲ್ಲಿಸಿಬಿಡುತ್ತಾರೋ ಎಂದು ಒದ್ದೆಯಲ್ಲೇ ಕುಳಿತೆ.