ಬಾಕಿಮಾರು ಗದ್ದೆಯಲ್ಲಿ ಮೂರನೆಯ ಸ್ಥಾನ

ಕೃಷ್ಣಮೋಹನ ಡಾಕ್ಟರನಲ್ಲ. ಸುಳ್ಯ ಪೇಟೆಯ ಹೊರಗಿನ ಪಶು ಚಿಕಿತ್ಸಾ ಕೇಂದ್ರದಲ್ಲಿ, ಬೆದೆಗೆ ಬಂದ ದನಗಳಿಗೆ ಗಬ್ಬದ ಇಂಜೆಕ್ಷನ್ ಕೊಡುವ ನೌಕರ. ಊರವರು ಡಾಕ್ಟ್ರೆ ಎಂದು ಕರೆಯುತ್ತಿದ್ದರು, ಅವನು ಒಂದು ದಿನವೂ ತಿದ್ದಿರಲಿಲ್ಲ. ಕೆದಂಬಾಡಿಯ ತನ್ನ ಮನೆಗೆ ಹೋದಾಗ ಮಾತ್ರ ಈ ಪದವಿಯನ್ನು ಬಸ್ಸಿನಲ್ಲೇ ಬಿಟ್ಟು ಇಳಿಯಬೇಕಾಗುತ್ತಿತ್ತು. ಅಲ್ಲಿ ಅವನ ಎಸ್ಸೆಸ್ಸೆಲ್ಸಿಯ ಅಂಕಗಳು ಎಲ್ಲರಿಗೂ ಬಾಯಿಪಾಠ.

ಕೇಂದ್ರದವರು ಓಡಾಡಲು ಅವನಿಗೊಂದು ಹಳೆಯ ಬೈಕು ಕೊಟ್ಟಿದ್ದರು. ಅದರ ಟ್ಯಾಂಕಿನ ಮೇಲೆ ಎರಡೂ ಕಡೆ ದೊಡ್ಡದಾಗಿ ‘ಪಶು ಚಿಕಿತ್ಸೆ’ ಎಂದು ಬರೆದಿತ್ತು. ಇಪ್ಪತ್ತಮೂರರ ಹರೆಯದಲ್ಲಿ ಆ ಅಕ್ಷರಗಳನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು, ಕಾಲೇಜು ಬಿಡುವ ಹೊತ್ತಿಗೆ ಬಸ್‌ಸ್ಟ್ಯಾಂಡು ದಾಟುವ ಕಷ್ಟ ದಾಟಿದವನಿಗೇ ಗೊತ್ತು. ಹಾಗಾಗಿ ಎಂಬತ್ತನಾಲ್ಕರಲ್ಲಿ, ಸುಗ್ಗಿ ಕೊಯ್ಲು ಮುಗಿದ ಬಾಕಿಮಾರು ಗದ್ದೆಯಲ್ಲಿ ಯುವಕ ಮಂಡಲದವರು ಮೋಟಾರ್‌ಸೈಕಲ್ ರೇಸು ಇಟ್ಟಾಗ ಮೊದಲು ಹೆಸರು ಕೊಟ್ಟವನು ಅವನೇ. ನಂಬರಿನ ರಟ್ಟನ್ನು ಬೆನ್ನಿಗೆ ಮಾತ್ರವಲ್ಲ, ಟ್ಯಾಂಕಿನ ಎರಡೂ ಕಡೆಗೂ ಕಟ್ಟಬೇಕು ಎಂಬ ನಿಯಮ ಅವನಿಗೆ ಬಹಳ ಹಿಡಿಸಿತು.

ಶನಿವಾರ ಸಂಜೆ ಗ್ಯಾರೇಜಿನ ದೇವದಾಸ ಚೈನನ್ನು ಎತ್ತಿ ನೋಡಿ ತಲೆಯಾಡಿಸಿದ.

“ಇದರ ಸ್ಪ್ರಾಕೆಟ್ ನನ್ನ ಅಜ್ಜಿಯ ಬಾಯಿಯ ಹಾಗೆ ಆಗಿದೆ ಮಾರಾಯ. ಅಲ್ಲೊಂದು ಹಲ್ಲು, ಇಲ್ಲೊಂದು ಹಲ್ಲು. ದನ ನೋಡ್ಲಿಕ್ಕೆ ಹೋಗಿ ಬರುದಕ್ಕೆ ಸಾಕು. ರೇಸಿಗೆ ಆಗ್ಲಿಕ್ಕಿಲ್ಲ.”

“ಆರೇ ಆರು ಸುತ್ತು.”

“ಚೈನಿಗೆ ಲೆಕ್ಕ ಬರ್ತದಾ?”

ಅವನು ಚೈನು ಬಿಗಿ ಮಾಡಿಸಿಕೊಂಡು ಹೋದ.

ಆ ಭಾನುವಾರ ಒಂದು ಗಂಟೆಯವರೆಗೆ ಕೇಂದ್ರದಲ್ಲಿ ಕೂರುವ ಸರದಿ ಅವನದೇ. ರೇಸು ಹನ್ನೊಂದಕ್ಕೆ. ಅವನು ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಪ್ಯಾಂಟಿನ ಕಿಸೆಗೆ ಇಳಿಸಿ, ಸ್ಲೇಟಿನ ಮೇಲೆ ‘ದನ ನೋಡಲು ಮನೆಗಳಿಗೆ ಹೋಗಿದ್ದೇನೆ’ ಎಂದು ಬರೆದು ತೂಗುಹಾಕಿದ. ಅಕ್ಷರ ದುಂಡಗೆ ಬಂದಿತ್ತು. ಸುಳ್ಳು ಬರೆಯುವಾಗ ಅವನ ಅಕ್ಷರ ಯಾವತ್ತೂ ಕೆಟ್ಟಿದ್ದಿಲ್ಲ.

ಗದ್ದೆಯ ಸುತ್ತ ಸುಣ್ಣದ ಗೆರೆ, ತಿರುವುಗಳಲ್ಲಿ ಬೈಹುಲ್ಲಿನ ಕಟ್ಟು, ಹನ್ನೊಂದು ಬೈಕು. ಮೈಕಿನಲ್ಲಿ ಯುವಕ ಮಂಡಲದ ತೀರ್ಥರಾಮ. ಮೊದಲ ಸುತ್ತಿನಲ್ಲಿ ಕೃಷ್ಣಮೋಹನ ಒಂಬತ್ತನೆಯವನು. ಎರಡನೆಯದರಲ್ಲಿ ಮುಂದಿದ್ದವರು ಒಬ್ಬರಿಗೊಬ್ಬರು ತಾಗಿ ನಾಲ್ವರು ಹುಲ್ಲಿನೊಳಗೆ ಹೋದರು. ಮೂರನೆಯದರಲ್ಲಿ ಇಬ್ಬರ ಎಂಜಿನು ನಿಂತಿತು. ಹೀಗೆ ಅವನು ಏನೂ ಮಾಡದೆ ಮೂರನೆಯ ಸ್ಥಾನಕ್ಕೆ ಬಂದ. “ನಂಬರ್ ಏಳು, ಎಂತ ಓಡಿಸುದು ಮಾರಾಯ್ರೆ” ಎಂದು ಮೈಕು ಹೇಳಿದಾಗ ಮಾತ್ರ, ಎಲ್ಲ ತನ್ನ ಕೈಚಳಕವೇ ಎಂದು ನಂಬಿದ.

ನಾಲ್ಕನೆಯ ಸುತ್ತಿನಲ್ಲಿ ಪೂವಮ್ಮ ಕಂಡರು.

ಆಲೆಟ್ಟಿಯ ಪೂವಮ್ಮ ಸುಣ್ಣದ ಗೆರೆಯ ಆಚೆ ಕೆಂದು ಹಸುವಿನ ಹಗ್ಗ ಹಿಡಿದು ನಿಂತಿದ್ದರು. ಬೆದೆಗೆ ಬಂದ ಹಸು ಕತ್ತೆತ್ತಿ ಕೂಗುತ್ತಿತ್ತು. ಎರಡು ಸಲ ಇಂಜೆಕ್ಷನ್ ಕೊಟ್ಟರೂ ಗಬ್ಬ ನಿಲ್ಲದ ಹಸು ಅದು. ಮೂರನೆಯ ಸಲವೂ ನಿಲ್ಲದಿದ್ದರೆ ಮಾರುವುದೇ ಎಂದು ಅವರ ಗಂಡ ದುಗ್ಗಪ್ಪ ಹೇಳಿಯಾಗಿತ್ತು. “ಕೂಗಿದ ಮರುದಿನ ಮಧ್ಯಾಹ್ನದ ಒಳಗೆ ತನ್ನಿ, ತಡ ಆದರೆ ಪ್ರಯೋಜನ ಇಲ್ಲ” ಎಂದು ಅವರಿಗೆ ಹೇಳಿಕೊಟ್ಟವನು ಇವನೇ.

ಅಲ್ಲೇ ನಿಲ್ಲಿಸಿದ್ದರೆ ಹತ್ತು ನಿಮಿಷದಲ್ಲಿ ಕೇಂದ್ರಕ್ಕೆ ಹೋಗಿ ಸಾಮಾನು ತರಬಹುದಿತ್ತು. ಅವನಿಗೆ ಅದು ಹೊಳೆಯಿತು ಕೂಡ. ಆದರೆ ಹುಟ್ಟಿದ ಮೇಲೆ ಯಾವುದರಲ್ಲೂ ಮೂರನೆಯವನಾಗದವನು, ಇನ್ನೆರಡೇ ಸುತ್ತು, ಅಷ್ಟರಲ್ಲಿ ಹಸುವಿಗೆ ಏನಾಗುತ್ತದೆ ಎಂದುಕೊಂಡು ಮುಖ ಆಚೆ ತಿರುಗಿಸಿ ಆಕ್ಸಿಲರೇಟರ್ ತಿರುಪಿದ.

ಹಸುವಿಗೆ ಏನೂ ಆಗಲಿಲ್ಲ. ಐದನೆಯ ಸುತ್ತಿನಲ್ಲಿ, ಸರಿಯಾಗಿ ಪೂವಮ್ಮನ ಎದುರಿಗೆ, ಚೈನು ಹಲ್ಲು ತಪ್ಪಿ ಸ್ಪ್ರಾಕೆಟಿನೊಳಗೆ ಸಿಕ್ಕಿಕೊಂಡಿತು. ಹಿಂದಿನ ಚಕ್ರ ಕಚ್ಚಿ ನಿಂತು ಬೈಕು ಅಡ್ಡ ಬಿತ್ತು. ಬಿದ್ದ ರಭಸಕ್ಕೆ ಟ್ಯಾಂಕಿನ ರಟ್ಟು ಹರಿದು ‘ಪಶು ಚಿಕಿತ್ಸೆ’ ಊರಿಗೆಲ್ಲ ಕಾಣುವ ಹಾಗೆ ಮೇಲೆ ಬಂತು.

“ನಂಬರ್ ಏಳು ಬಿದ್ದರು,” ಎಂದಿತು ಮೈಕು. “ಹೆದರಬೇಡಿ, ದನದ ಡಾಕ್ಟ್ರು ಅಲ್ಲಿಯೇ ಇದ್ದಾರೆ. ಓ, ಬಿದ್ದದ್ದೇ ಅವರು.”

ಗದ್ದೆಗೆ ಗದ್ದೆಯೇ ನಕ್ಕಿತು. ಪೂವಮ್ಮ ನಗಲಿಲ್ಲ. ಅವನು ಎದ್ದು ಮೊಣಕೈಯ ಮಣ್ಣು ಒರೆಸುವವರೆಗೆ ಕಾದು, ಸುತ್ತ ಒಮ್ಮೆ ನೋಡಿ ಮೆಲ್ಲಗೆ ಕೇಳಿದರು.

“ಸ್ಲೇಟಿನಲ್ಲಿ ದನ ನೋಡ್ಲಿಕ್ಕೆ ಹೋಗಿದ್ದು ಅಂತ ಉಂಟು. ಬೈಕು ಈ ಕಡೆ ಬಂತು ಅಂದ್ರು. ಇಲ್ಲಿ ಯಾರ ದನಕ್ಕೆ ಉಷಾರಿಲ್ಲ ಡಾಕ್ಟ್ರೆ?”

ಅವನ ಬಾಯಲ್ಲಿ ಗದ್ದೆಯ ಮಣ್ಣಿತ್ತು. ಅದನ್ನು ಉಗುಳಿ, ಬೈಕು ಎತ್ತಲು ಬಗ್ಗಿದ.

ರೇಸು ನೋಡಲು ಬಂದಿದ್ದ ದೇವದಾಸ ಒಂದು ಗಂಟೆ ಸುತ್ತಿಗೆಯಲ್ಲಿ ಬಡಿದರೂ ಸಿಕ್ಕಿಕೊಂಡ ಚೈನು ಬಗ್ಗಲಿಲ್ಲ. ಅಷ್ಟರಲ್ಲಿ ಉಳಿದ ಬೈಕುಗಳೂ ಹೋಗಿಯಾಗಿತ್ತು. ಬೈಕನ್ನು ಅಲ್ಲೇ ಬಿಟ್ಟು ಹೊರಟರು: ಮುಂದೆ ಹಗ್ಗ ಹಿಡಿದ ಪೂವಮ್ಮ, ನಡುವೆ ಹಸು, ಹಿಂದೆ ಬೆನ್ನಿಗೆ ಏಳನೇ ನಂಬರು ಅಂಟಿಸಿಕೊಂಡೇ ಕುಂಟುವ ಕೃಷ್ಣಮೋಹನ. ಡಾಂಬರು ಕಾಯುತ್ತಿತ್ತು. ಬೆಳಗಿನಿಂದ ನಡೆದು ದಣಿದ ಹಸು ಮರದ ನೆರಳು ಸಿಕ್ಕಿದಲ್ಲೆಲ್ಲ ಮಲಗಿತು. ಕೇಂದ್ರ ತಲುಪುವಾಗ ಎರಡೂವರೆ. ಬೆದೆಯ ಕೂಗು ನಿಂತುಹೋಗಿತ್ತು. ಇವನು ಇಂಜೆಕ್ಷನ್ ಕೊಟ್ಟ, ಪೂವಮ್ಮ ಕೈ ಮುಗಿದರು. ನಾಲ್ಕು ಬೈದಿದ್ದರೆ ಆ ದಿನ ಅವನಿಗೆ ಅನ್ನವಾದರೂ ಇಳಿಯುತ್ತಿತ್ತು.

ಗಬ್ಬ ನಿಲ್ಲಲಿಲ್ಲ. ಮತ್ತೆ ಬೆದೆ ಬರುವ ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಅವನು ಸರದಿ ಇಲ್ಲದಿದ್ದರೂ ಕೇಂದ್ರದ ಬಾಗಿಲು ತೆರೆದು ಕಾದ. ಒಂಬತ್ತೂವರೆಗೆ ಹಸು ಬಂತು, ಹಿಂದೆ ಪೂವಮ್ಮ.

“ಮಾರಲಿಲ್ಲವಾ ಪೂವಮ್ಮಕ್ಕ?”

“ಇನ್ನೊಂದು ಸಲ ಅಂತ ಅವರ ಕಾಲು ಹಿಡಿದೆ. ಮೊದಲು ಗದ್ದೆಗೆ ಹೋದೆ ಡಾಕ್ಟ್ರೆ. ಇವತ್ತು ರೇಸಿಲ್ಲ ಅಂದ್ರು, ಹಾಗೆ ಇಲ್ಲಿಗೆ ಬಂದೆ. ಸ್ವಲ್ಪ ತಡ ಆಯ್ತು.”

ಆ ಮಾತಿನಲ್ಲಿ ಚುಚ್ಚು ಇದೆಯೇ ಎಂದು ಅವನು ಅವರ ಮುಖ ನೋಡಿದ. ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

“ನಾನು ಡಾಕ್ಟ್ರಲ್ಲ ಪೂವಮ್ಮಕ್ಕ,” ಎಂದ. ಕೆಲಸಕ್ಕೆ ಸೇರಿದ ಎರಡು ವರ್ಷದಲ್ಲಿ ಮೊದಲ ಸಲ.

“ಅದು ನಮಗೆ ಮೊದಲೇ ಗೊತ್ತುಂಟು,” ಎಂದರು ಅವರು. “ದನ ಬಿಸಿಲಲ್ಲಿ ನಿಂತಿದೆ, ಬನ್ನಿ.”