ಹೊಳೆಯ ಮಟ್ಟ ಹಳತಾಗಗೊಡದ ಪಂಚಶೀಲಾ

ಸರಿಯಾದ ಮಾಹಿತಿಯನ್ನು ಸರಿಯಾದ ಹೊತ್ತಿಗೆ ಜನರ ಕೈಗೆ ಮುಟ್ಟಿಸುವವರ ಹೆಸರು ಯಾವ ಕಲ್ಲಿನ ಮೇಲೂ ಉಳಿಯುವುದಿಲ್ಲ. ಯಾದಗಿರಿಯ ಗಣಕ ವಿಭಾಗದಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಪಂಚಶೀಲಾ ಅವರು, ನಮ್ಮ ಭಾಗದಲ್ಲಿ ವೆಬ್ ಸೇವೆಗಳನ್ನು ಕಟ್ಟಿ, ಪರೀಕ್ಷಿಸಿ, ನೆಲೆಗೊಳಿಸಿದ ಅಂಥ ಹಿರಿಯರು.

ಶಿರವಾಳದಲ್ಲಿ ಹುಟ್ಟಿ, ಶಹಾಪುರದಲ್ಲಿ ಓದಿ, ಡಾಟಾ ಎಂಟ್ರಿ ಕೆಲಸಕ್ಕೆ ಸೇರಿದ ಅವರು ಉಳಿದದ್ದನ್ನೆಲ್ಲ ದುಡಿಯುತ್ತಲೇ ಕಲಿತರು. ಮದುವೆಯಾಗಲಿಲ್ಲ. ಜೊತೆಗಿದ್ದವರು ಒಬ್ಬೊಬ್ಬರಾಗಿ ವರ್ಗವಾಗಿ ಹೋದ ಮೇಲೆ ಸರ್ವರ್ ಕೋಣೆಯಲ್ಲಿ ಅವರೊಬ್ಬರೇ ಉಳಿದರು. ಮಧ್ಯಾಹ್ನದ ಬುತ್ತಿಯನ್ನೂ ಯಂತ್ರಗಳ ಸದ್ದಿನಲ್ಲಿಯೇ ಬಿಚ್ಚುತ್ತಿದ್ದರು.

ಹೊಳೆದಂಡೆಯ ಊರುಗಳಿಗೆ ನೀರಿನ ಮಟ್ಟ ತಿಳಿಸುವ ಸೇವೆ ಅವರ ಪಾಲಿಗೆ ಬಂತು. ಮಳೆಗಾಲದಲ್ಲಿ ಎಲ್ಲರೂ ಒಮ್ಮೆಲೇ ಫೋನು ತೆರೆದರೆ ಸರ್ವರ್ ನಿಂತುಬಿಡುತ್ತಿತ್ತು. ಆದ್ದರಿಂದ ಒಮ್ಮೆ ಸಿದ್ಧಪಡಿಸಿದ ಉತ್ತರದ ಪ್ರತಿಯನ್ನು ಇಟ್ಟುಕೊಂಡು ಕೇಳಿದವರಿಗೆಲ್ಲ ಅದನ್ನೇ ಕೊಡುವ ಕ್ಯಾಶ್ ವ್ಯವಸ್ಥೆಯನ್ನು ಅಳವಡಿಸಿದರು. ಹೊಸ ಅಳತೆ ಬಂದೊಡನೆ ಹಳೆಯ ಪ್ರತಿ ಅಳಿಯುವಂತೆಯೂ ಮಾಡಿದರು. ಕಚೇರಿಯ ಪರೀಕ್ಷೆಯಲ್ಲಿ ಎಲ್ಲವೂ ಸರಿಯಿತ್ತು.

ಒಂದು ಮುಂಜಾನೆ ಸುರಪುರದ ಕಡೆಯ ದಂಡೆಯೂರಿನಿಂದ ಮೀನುಗಾರ ಮಾನಪ್ಪನವರ ಫೋನು ಬಂತು.

"ಮೇಡಂ, ಫೋನಿನ್ಯಾಗ ನೀರು ಕಮ್ಮಿ ಅದ ಅಂತ ತೋರಸಾಕತ್ತದ್ರಿ. ಇಲ್ಲಿ ನೋಡಿದ್ರ ಮೆಟ್ಟಲ ಮುಳಗ್ಯಾವ. ಅದನ್ನ ನಂಬಿ ನಮ್ಮ ತಮ್ಮ ಮರಿಲಿಂಗ ದೋಣಿ ತಗೊಂಡು ಹೋಗ್ಯಾನ್ರಿ."

"ಮೊದಲ ಅವನ್ನ ಹುಡುಕ್ರಿ ಅಣ್ಣಾ. ಫೋನ್ ನಂಬಬ್ಯಾಡ್ರಿ" ಎಂದರು ಪಂಚಶೀಲಾ. ಅವರ ಎದುರಿನ ಪರದೆಯಲ್ಲಿ ಹೊಸ ಮಟ್ಟವೇ ಕಾಣುತ್ತಿತ್ತು.

ಮರಿಲಿಂಗ ಜಾಲಿಗಿಡವೊಂದನ್ನು ತಬ್ಬಿಕೊಂಡು ಜೀವ ಉಳಿಸಿಕೊಂಡ. ದೋಣಿ ಹೋಯಿತು.

ಅಂದೇ ಬಸ್ಸು ಹಿಡಿದು ಮಾನಪ್ಪನವರ ಮನೆಗೆ ಹೋದ ಪಂಚಶೀಲಾ ಅವರಿಗೆ ಆ ಫೋನು ಕೈಗೆ ಬಂದ ಮೇಲೆ ತಪ್ಪು ತಿಳಿಯಿತು. ಸರ್ವರ್‌ನಲ್ಲಿ ಹಳೆಯ ಪ್ರತಿ ಅಳಿದಿತ್ತು. ಫೋನು ತನ್ನದೇ ಇನ್ನೊಂದು ಪ್ರತಿಯನ್ನು ಇಟ್ಟುಕೊಂಡು ಸರ್ವರನ್ನು ಕೇಳದೆಯೇ ಅದನ್ನು ತೋರಿಸುತ್ತಿತ್ತು. ಮರಿಲಿಂಗನ ಮುಂದೆ ಕೂತು, "ನಂದ ತಪ್ಪಪ್ಪಾ, ನಾ ಆಫೀಸಿನ್ಯಾಗಷ್ಟ ನೋಡಿದ್ದೆ" ಎಂದರು.

ಅವರು ಪ್ರತಿ ಉತ್ತರಕ್ಕೂ ಒಂದು ಗುರುತು ಅಂಟಿಸಿ, ತೋರಿಸುವ ಮೊದಲು ಫೋನು ಆ ಗುರುತನ್ನು ತೋರಿಸಿ ಮಟ್ಟ ಬದಲಾಗಿದೆಯೇ ಎಂದು ಸರ್ವರ್‌ಗೆ ಕೇಳಲೇಬೇಕೆಂದು ಕಟ್ಟುಪಾಡು ಮಾಡಿದರು. ಮೇಲಧಿಕಾರಿ ಕಾಂತೇಶ ಅವರಿಗೆ ಅಂಜಿಕೆ.

"ಎಲ್ಲರೂ ಪ್ರತಿಸಲ ಕೇಳಿದ್ರ ಮತ್ತ ಸರ್ವರ್ ನಿಲ್ತದಲ್ರೀ?"

"ಮಟ್ಟ ಬದಲಾಗದಿದ್ರ 'ಬದಲಾಗಿಲ್ಲ' ಅಂತ ಒಂದ ಮಾತು ಹೇಳ್ತದ್ರಿ ಸರ್. ಅಷ್ಟು ಭಾರ ತಡಕೋತದ."

ಆ ಮಳೆಗಾಲವೆಲ್ಲ ಮಾನಪ್ಪನವರು ದಿನಾ ಮುಂಜಾನೆ ಹೊಳೆಯನ್ನೂ ಫೋನನ್ನೂ ನೋಡಿ ಕರೆ ಮಾಡುತ್ತಿದ್ದರು. ಮಟ್ಟದ ಮಾತು ಮುಗಿದ ಮೇಲೆ ಮೀನು, ಮಕ್ಕಳು, ಮರಿಲಿಂಗ ಕೊಂಡ ಹೊಸ ದೋಣಿ, ಹೀಗೆ ಮಾತು ಬೆಳೆಯುತ್ತಿತ್ತು. ಮರುವರ್ಷದ ಪ್ರವಾಹದಲ್ಲಿ ಸೇವೆ ಒಮ್ಮೆಯೂ ನಿಲ್ಲಲಿಲ್ಲ, ತಪ್ಪು ಹೇಳಲೂ ಇಲ್ಲ. ಕರೆ ಮಾಡಲು ಯಾರಿಗೂ ಕಾರಣ ಉಳಿಯಲಿಲ್ಲ. ಒಂದು ದಿನ ಪಂಚಶೀಲಾ ಅವರೇ ಮಾನಪ್ಪನವರಿಗೆ ಫೋನು ಹಚ್ಚಿದರು.

"ಸರಿ ತೋರಸಾಕತ್ತದಿಲ್ಲೋ ಅಣ್ಣಾ?"

"ಹೌದ್ರಿ ಮೇಡಂ. ಏನೂ ತೊಂದ್ರಿ ಇಲ್ರಿ."

ಕೇಳಲು ಬೇರೆ ಕೆಲಸವಿರಲಿಲ್ಲ; ಪಂಚಶೀಲಾ ಫೋನು ಇಟ್ಟರು.

ಮೊನ್ನೆಯ ಬೀಳ್ಕೊಡುಗೆಗೆ ಮಾನಪ್ಪನವರ ಪತ್ನಿ ಮೌನಮ್ಮನವರು ಬಂದಿದ್ದರು. "ಅಕ್ಕಾ, ಇನ್ನ ಕೆಲಸಿಲ್ಲದ ಬರ್ರಿ ನಮ್ಮ ಮನಿಗಿ" ಎಂದರು.

"ಕೆಲಸಿಲ್ಲದ ಹ್ಯಾಂಗ ಬರೂದು ನನಗ ಗೊತ್ತಿಲ್ಲವ್ವಾ" ಎಂದರು ಪಂಚಶೀಲಾ.

ಹುಣಸಗಿಯ ವಿದ್ಯಾರ್ಥಿಗಳಿಗೆ ವೆಬ್ ಸೇವೆಗಳ ಪರೀಕ್ಷೆ ಕಲಿಸಲು ಅವರು ಒಪ್ಪಿಕೊಂಡಿದ್ದಾರೆ. ಆ ಕಾರ್ಯ ಬಹುಕಾಲ ನಡೆಯಲಿ. ಕೆಲಸವಿಲ್ಲದೆಯೂ ಒಂದು ಮನೆಯ ಕದ ತಟ್ಟುವುದನ್ನು ಕಲಿಯಲು ಬೇಕಾಗುವಷ್ಟು ಆಯುಸ್ಸೂ ಆರೋಗ್ಯವೂ ಅವರಿಗೆ ದೊರೆಯಲಿ.